ಬಟನ್ ಉಂಟಲ್ಲ ಮಾರಾಯ್ರೆ

ನಮ್ಮ ಪುತ್ತೂರು-ಸುಳ್ಯದ ಕಡೆ ಒಂದು ವಸ್ತುವಿನ ಆಯುಷ್ಯ ಮುಗಿಯಿತೆಂದು ಒಪ್ಪಿಸುವುದು ಸುಲಭದ ಕೆಲಸವಲ್ಲ. ಉಟ್ಟು ಹಳತಾದ ಪಂಚೆ ಮೊದಲು ಬೈರಾಸಾಗುತ್ತದೆ, ಆಮೇಲೆ ಮಸಿ ಅರಿವೆಯಾಗುತ್ತದೆ, ಕೊನೆಗೆ ಸ್ಕೂಟರು ಒರಸುವ ಕೆಲಸಕ್ಕೆ ಹೋಗುತ್ತದೆ. ತೂತಾದ ಕೊಡಪಾನಕ್ಕೆ ಮಣ್ಣು ತುಂಬಿ ಮಲ್ಲಿಗೆ ಗಿಡ ನೆಡುತ್ತೇವೆ. ಕಣ್ಣಿಗೆ ಚೆನ್ನಾಗಿ ಕಾಣುವ ವಸ್ತುವನ್ನು ಎಸೆಯುವುದಂತೂ ಅನ್ನ ಎಸೆದಷ್ಟೇ ದೊಡ್ಡ ಪಾಪ. ಇದು ಜಿಪುಣತನವಲ್ಲ, ಒಂದು ಬಗೆಯ ಮರ್ಯಾದೆ. ಬೆವರು ಸುರಿಸಿ ಕೊಂಡದ್ದಕ್ಕೆ ತೋರಿಸುವ ಮರ್ಯಾದೆ.

ಟೈರಿನ ವಿಷಯಕ್ಕೆ ಬಂದರೆ ಈ ಧರ್ಮಶಾಸ್ತ್ರವೆಲ್ಲ ‘ಬಟನ್’ ಎಂಬ ಒಂದು ಶಬ್ದದಲ್ಲಿ ಅಡಗಿದೆ. ಟೈರಿನ ಮೈಮೇಲೆ ಗಡ್ಡೆಗಡ್ಡೆಯಾಗಿ ಎದ್ದು ನಿಂತ ರಬ್ಬರಿಗೆ ನಮ್ಮವರು ಇಟ್ಟ ಹೆಸರು ಅದು. ಬಟನ್ ಉಂಟು ಎಂದರೆ ಟೈರು ಬದುಕಿದೆ. ಬಟನ್ ಹೋಯಿತು ಎಂದರೆ ಸತ್ತಿದೆ. ಲಾರಿ-ಬಸ್ಸುಗಳ ಟೈರಾದರೆ ಸತ್ತ ಮೇಲೂ ರಿಸೋಲ್ ಎಂಬ ಪುನರ್ಜನ್ಮ ಉಂಟು. ಈ ಶಾಸ್ತ್ರದಲ್ಲಿ ಮುಪ್ಪು ಎಂಬ ಅವಸ್ಥೆಯೇ ಇಲ್ಲ. ನಾನು ಹೇಳಹೊರಟಿರುವುದು ಆ ಮುಪ್ಪಿನ ವಿಷಯ.

ನಮ್ಮ ಆಲ್ಟೊ ಕಾರು 2017ರದ್ದು. ಎಂಟು ವರ್ಷಗಳಲ್ಲಿ ಅದು ಓಡಿದ್ದು 21,000 ಕಿಲೋಮೀಟರು. ಸೊಸೈಟಿಗೆ, ಪೇಟೆಗೆ, ಮದುವೆ-ಮುಂಜಿಗೆ, ಅಪರೂಪಕ್ಕೊಮ್ಮೆ ಮಂಗಳೂರಿನ ಆಸ್ಪತ್ರೆಗೆ. ಉಳಿದ ದಿನಗಳಲ್ಲಿ ಅದು ಅಂಗಳದ ಬದಿಯ ಶೀಟಿನ ಮಾಡಿನ ಕೆಳಗೆ ಅಡಿಕೆ ಗೋಣಿಗಳಿಗೆ ಜೊತೆಯಾಗಿ ನಿಂತಿರುತ್ತಿತ್ತು. 2025ರ ಮೇ ತಿಂಗಳಲ್ಲಿ ಮಗಳಿಗೆ ಮಡಿಕೇರಿಯಲ್ಲಿ ಕೆಲಸವಾಯಿತು. ಕಾರನ್ನು ಅವಳಿಗೇ ಕೊಡುವುದೆಂದು ತೀರ್ಮಾನವಾಯಿತು. ಶನಿವಾರ ಸಂಜೆ ಘಟ್ಟ ಇಳಿದು ಬರುವುದು, ಸೋಮವಾರ ಬೆಳಗಿನ ಜಾವ ಹತ್ತಿ ಹೋಗುವುದು. ನಡುವೆ ಇರುವುದು ಸಂಪಾಜೆ ಘಾಟಿ. ಬರಲಿಕ್ಕಿದ್ದುದು ಮಳೆಗಾಲ.

ಆ ದಾರಿಯ ಬಗ್ಗೆ ಈ ಕಡೆಯವರಿಗೆ ಹೆಚ್ಚು ಹೇಳಬೇಕಾಗಿಲ್ಲ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡುಗಳಲ್ಲಿ ಗುಡ್ಡ ಜರಿದು ಊರೂ ರಸ್ತೆಯೂ ಕೊಚ್ಚಿಹೋದದ್ದನ್ನು ನಾವು ಮರೆತಿಲ್ಲ. ಗುಡ್ಡವೇ ಜರಿದರೆ ಯಾವ ಟೈರೂ ಕಾಯುವುದಿಲ್ಲ. ಆದರೆ ಗುಡ್ಡ ಜರಿಯದ ದಿನಗಳೂ ಉಂಟಲ್ಲ? ರಸ್ತೆಯ ಮೇಲೆ ನೀರು ಹಾಳೆಯಂತೆ ಹರಿಯುವ, ತಿರುವಿನಲ್ಲಿ ಎದುರಿನಿಂದ ಬಸ್ಸು ಬರುವ, ಬ್ರೇಕು ಒತ್ತಲೇಬೇಕಾದ ಸಾಧಾರಣ ದಿನಗಳು. ಆ ದಿನಗಳಲ್ಲಿ ಕಾಯಬೇಕಾದದ್ದು ಟೈರು.

ಮಳೆಗೆ ಮುಂಚೆ ಕಾರನ್ನು ಗ್ಯಾರೇಜಿಗೆ ಒಯ್ದೆ. ಮೆಕ್ಯಾನಿಕ್ಕು ನಾಲ್ಕು ಟೈರುಗಳ ಮೇಲೂ ಕೈಯಾಡಿಸಿ ನಕ್ಕರು. “ಬಟನ್ ಉಂಟಲ್ಲ ಮಾರಾಯ್ರೆ! ಇದಕ್ಕೆ ಇನ್ನು ನಾಲ್ಕು ವರ್ಷ ಎಂತದೂ ಆಗ್ಲಿಕ್ಕಿಲ್ಲ. ಸುಮ್ಮನೆ ದುಡ್ಡು ಯಾಕೆ ಹಾಳು ಮಾಡ್ತೀರಿ?” ಜೊತೆಗಿದ್ದ ಭಾವನೂ ತಲೆಯಾಡಿಸಿದರು. ಅವರು ಕಣ್ಣಾರೆ ಕಂಡದ್ದನ್ನೇ ಹೇಳಿದ್ದರು. ಬಟನ್ ನಿಜವಾಗಿಯೂ ಇತ್ತು, ಅರ್ಧಕ್ಕಿಂತ ಹೆಚ್ಚೇ ಇತ್ತು. ಟೈರಿನ ಗೀರುಗಳ ತಳದಲ್ಲಿ ಅಲ್ಲಲ್ಲಿ 1.6 ಮಿಲಿಮೀಟರು ಎತ್ತರದ ಸಣ್ಣ ದಿಂಡುಗಳನ್ನು ಕಂಪೆನಿಯವರೇ ಇಟ್ಟಿರುತ್ತಾರೆ. ಮೇಲಿನ ರಬ್ಬರು ಸವೆದು ಆ ದಿಂಡಿನ ಮಟ್ಟಕ್ಕೆ ಬಂತೆಂದರೆ ಟೈರು ಮುಗಿಯಿತು ಎಂದರ್ಥ. ನಮ್ಮ ಟೈರಿನಲ್ಲಿ ಆ ದಿಂಡುಗಳು ಇನ್ನೂ ಆಳದಲ್ಲಿದ್ದವು.

ನಾನು ನೋಡಿದ್ದು ಬೇರೆ ಕಡೆ. ಟೈರಿನ ಪಕ್ಕದಲ್ಲಿ, ಕಂಪೆನಿಯ ಹೆಸರು ಮತ್ತು ಅಳತೆಗಳ ಗದ್ದಲದ ನಡುವೆ, ಉದ್ದನೆಯ ಇಂಗ್ಲಿಷ್ ಅಕ್ಷರಗಳ ಸಾಲಿನ ಕೊನೆಗೆ ಒಂದು ಸಣ್ಣ ಚೌಕಟ್ಟಿನೊಳಗೆ ನಾಲ್ಕು ಅಂಕಿಗಳಿರುತ್ತವೆ. ಅದು ಟೈರಿನ ಜಾತಕ. ಮೊದಲ ಎರಡು ಅಂಕಿ ವಾರ, ಕೊನೆಯ ಎರಡು ವರ್ಷ. ನಮ್ಮದರಲ್ಲಿ 1117 ಎಂದಿತ್ತು. 2017ನೆಯ ಇಸವಿಯ ಹನ್ನೊಂದನೆಯ ವಾರ, ಅಂದರೆ ಮಾರ್ಚ್ ತಿಂಗಳ ನಡುಭಾಗ. ನಾಲ್ಕರಲ್ಲೂ ಅದೇ ಅಂಕಿ. ಡಿಕ್ಕಿಯಲ್ಲಿ ಮಲಗಿದ್ದ, ರಸ್ತೆಯ ಮುಖವನ್ನೇ ಕಾಣದ ಸ್ಟೆಪ್ನಿಯಲ್ಲೂ ಅದೇ.

ರಬ್ಬರು ಹಳತಾಗುವುದು ಎಂದರೇನು ಎಂಬುದು ನಮಗೆ ತಿಳಿಯದ ಸಂಗತಿಯೇನಲ್ಲ. ಇದು ರಬ್ಬರಿನ ಊರು. 1964ರ ಶಾಸ್ತ್ರಿ-ಸಿರಿಮಾವೊ ಒಪ್ಪಂದದ ಮೇರೆಗೆ ಶ್ರೀಲಂಕಾದಿಂದ ಮರಳಿದ ತಮಿಳು ಕುಟುಂಬಗಳು ಸುಳ್ಯ-ಪುತ್ತೂರು ಕಡೆಯ ಅರಣ್ಯ ಅಭಿವೃದ್ಧಿ ನಿಗಮದ ತೋಟಗಳಲ್ಲಿ ರಬ್ಬರು ಟ್ಯಾಪಿಂಗ್ ಮಾಡುತ್ತ ನೆಲೆನಿಂತವು. ಆಮೇಲೆ ಅಡಿಕೆ ಬೆಳೆಯುವವರೂ ಗುಡ್ಡದ ಮೇಲೆ ರಬ್ಬರು ಹಾಕಿದರು. ಹಾಲು ಹೆಪ್ಪುಗಟ್ಟಿಸಿ ಶೀಟು ಹೊಡೆದು ಒಣಗಿಸುವುದನ್ನು ಇಲ್ಲಿನ ಮಕ್ಕಳೂ ಬಲ್ಲರು. ಹಸಿ ರಬ್ಬರು ಬಿಸಿಲಿಗೆ ಅಂಟಂಟಾಗುತ್ತದೆ, ಚಳಿಗೆ ಬಿರುಸಾಗುತ್ತದೆ. ಅದಕ್ಕೆ ಗಂಧಕ ಬೆರೆಸಿ ಕಾಯಿಸಿದರೆ ಎರಡೂ ಕಾಟ ತಪ್ಪುತ್ತದೆ ಎಂದು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡದ್ದು 1839ರಲ್ಲಿ. ಗಂಧಕವು ರಬ್ಬರಿನ ಎಳೆಗಳನ್ನು ಒಂದಕ್ಕೊಂದು ಕಟ್ಟಿಹಾಕುತ್ತದೆ. ಈ ಕಟ್ಟೇ ಟೈರಿನ ಶಕ್ತಿ.

ಆದರೆ ಈ ಕೆಲಸ ಕಾರ್ಖಾನೆಯಲ್ಲಿ ಮುಗಿಯುವುದಿಲ್ಲ. ಗಾಳಿಯ ಆಮ್ಲಜನಕ, ಬಿಸಿಲು, ಸೆಕೆ ಇವು ರಬ್ಬರನ್ನು ನಿಧಾನವಾಗಿ ಬದಲಾಯಿಸುತ್ತಲೇ ಇರುತ್ತವೆ. ಮೆತ್ತಗಿದ್ದದ್ದು ಬಿರುಸಾಗುತ್ತದೆ. ಗಾಳಿಯಲ್ಲಿರುವ ಓಝೋನು ಪಕ್ಕೆಯಲ್ಲಿ ಕೂದಲೆಳೆಯ ಬಿರುಕು ಹಾಕುತ್ತದೆ. ಮೇಜಿನ ಡ್ರಾಯರಿನಲ್ಲಿ ನಾಲ್ಕು ವರ್ಷ ಮರೆತುಹೋದ ರಬ್ಬರ್ ಬ್ಯಾಂಡನ್ನು ಎಳೆದು ನೋಡಿದವರಿಗೆ ಬೇರೆ ಸಾಕ್ಷಿ ಬೇಡ. ಈ ಬಿರುಕನ್ನು ತಡೆಯಲು ಟೈರಿನ ರಬ್ಬರಿನಲ್ಲಿ ಮೇಣದಂಥ ಪದಾರ್ಥ ಬೆರೆಸಿರುತ್ತಾರೆ. ಟೈರು ಉರುಳುವಾಗ, ಬಳುಕುವಾಗ ಅದು ಒಳಗಿನಿಂದ ಮೇಲಕ್ಕೆ ಬಂದು ಮೈಗೆ ಎಣ್ಣೆ ಹಚ್ಚಿದ ಹಾಗೆ ಕಾಯುತ್ತದೆ. ನಿಂತೇ ಇರುವ ಕಾರಿನಲ್ಲಿ ಈ ಎಣ್ಣೆಸ್ನಾನವೂ ಸರಿಯಾಗಿ ನಡೆಯುವುದಿಲ್ಲ. ‘ಓಡಿಸಲಿಲ್ಲ, ಹಾಗಾಗಿ ಟೈರು ಹೊಸದರ ಹಾಗೇ ಉಂಟು’ ಎಂಬ ಮಾತು ಕೇಳಲು ಹಿತ, ಪೂರ್ತಿ ಸತ್ಯವಲ್ಲ.

ಇಂಗ್ಲೆಂಡಿನಲ್ಲಿ 2012ರ ಸೆಪ್ಟೆಂಬರಿನಲ್ಲಿ ಸಂಗೀತೋತ್ಸವ ಮುಗಿಸಿ ಊರಿಗೆ ಮರಳುತ್ತಿದ್ದ ಯುವಕ ಯುವತಿಯರ ಬಸ್ಸೊಂದು ಮುಂದಿನ ಟೈರು ಸಿಡಿದು ಮರಕ್ಕೆ ಬಡಿಯಿತು. ಚಾಲಕನೂ ಸೇರಿ ಮೂವರು ಸತ್ತರು. ತನಿಖೆಯಲ್ಲಿ ಆ ಟೈರಿಗೆ ಹತ್ತೊಂಬತ್ತು ವರ್ಷ ದಾಟಿದ್ದು ಗೊತ್ತಾಯಿತು. ಅದರ ಬಟನ್ ಮಾತ್ರ ಕಾನೂನಿಗೆ ಬೇಕಾದಷ್ಟು ಇತ್ತು! ಸತ್ತ ಹುಡುಗನೊಬ್ಬನ ತಾಯಿ ವರ್ಷಗಟ್ಟಲೆ ಹೋರಾಡಿದರು. ಕೊನೆಗೆ 2021ರ ಫೆಬ್ರವರಿಯಿಂದ ಆ ದೇಶದಲ್ಲಿ ಲಾರಿ-ಬಸ್ಸುಗಳ ಮುಂದಿನ ಚಕ್ರಕ್ಕೆ ಹತ್ತು ವರ್ಷ ಮೀರಿದ ಟೈರು ಹಾಕುವಂತಿಲ್ಲ ಎಂದು ಕಾನೂನಾಯಿತು. ಕಾರುಗಳಿಗೂ ಹತ್ತು ವರ್ಷವೇ ಕಟ್ಟಕಡೆಯ ಗಡಿ ಎನ್ನುವ ಟೈರು ಕಂಪೆನಿಗಳಿವೆ. ಆರು ವರ್ಷಕ್ಕೇ ಬದಲಿಸಿ ಎನ್ನುವ ಕಾರು ಕಂಪೆನಿಗಳೂ ಇವೆ. ನಮ್ಮ ಎಂಟು ವರ್ಷ ಈ ಎರಡರ ನಡುವೆ ನಿಂತಿತ್ತು. ಪೇಟೆಗೆ ಹೋಗಿ ಬರುವುದಾಗಿದ್ದರೆ ಇನ್ನೊಂದು ವರ್ಷ ತಳ್ಳಬಹುದಿತ್ತೋ ಏನೋ. ಮಳೆಗಾಲದ ಸಂಪಾಜೆಗೆ ಆ ಲೆಕ್ಕ ನನಗೆ ಒಗ್ಗಲಿಲ್ಲ.

“ಅಷ್ಟೆಲ್ಲ ಯಾಕೆ ತಲೆಬಿಸಿ?” ಎಂದು ಮನೆಯವಳು ಕೇಳಿದಳು. ಅವಳಿಗೆ ಒಂದು ಪೋಸ್ಟ್‌ಕಾರ್ಡು ತೋರಿಸಿದೆ. ಲೆಕ್ಕ ಹೀಗೆ. ನಾಲ್ಕು ಜನ ಕೂತು ಸಾಮಾನು ತುಂಬಿದ ಸಣ್ಣ ಕಾರಿನ ತೂಕ ಸುಮಾರು ಒಂದು ಟನ್ನು. ಒಂದೊಂದು ಚಕ್ರಕ್ಕೆ 250 ಕಿಲೋ. ಟೈರಿನೊಳಗಿನ ಗಾಳಿಯ ಒತ್ತಡ 30 ಪೌಂಡು ಅಂದರೆ ಚದರ ಸೆಂಟಿಮೀಟರಿಗೆ 2 ಕಿಲೋಗಿಂತ ಸ್ವಲ್ಪ ಹೆಚ್ಚು. ಭಾಗಿಸಿದರೆ ಒಂದು ಟೈರು ನೆಲವನ್ನು ಮುಟ್ಟುವ ಜಾಗ ಸುಮಾರು 120 ಚದರ ಸೆಂಟಿಮೀಟರು. ನಮ್ಮ ಅಂಚೆ ಇಲಾಖೆಯ ಪೋಸ್ಟ್‌ಕಾರ್ಡಿನ ಅಳತೆ 14 ಸೆಂಟಿಮೀಟರಿಗೆ 9, ಅಂದರೆ 126. ಎಂಜಿನ್ನು, ಬ್ರೇಕು, ಸೀಟ್ ಬೆಲ್ಟು, ಗಾಳಿಚೀಲ, ಏನೇ ಇರಲಿ, ಕೊನೆಗೆ ಕಾರಿಗೂ ಭೂಮಿಗೂ ಇರುವ ಸಂಬಂಧ ನಾಲ್ಕು ಪೋಸ್ಟ್‌ಕಾರ್ಡುಗಳಷ್ಟು. ಬ್ರೇಕು ಚಕ್ರವನ್ನು ನಿಲ್ಲಿಸುತ್ತದೆ, ಕಾರನ್ನು ನಿಲ್ಲಿಸುವುದು ಈ ಪೋಸ್ಟ್‌ಕಾರ್ಡುಗಳು. ಮಳೆಯಲ್ಲಿ ಈ ಕಾರ್ಡಿಗೂ ರಸ್ತೆಗೂ ನಡುವೆ ನೀರು ನುಗ್ಗುತ್ತದೆ. ಬಟನ್‌ಗಳ ನಡುವಿನ ಗೀರುಗಳು ಚರಂಡಿಯಂತೆ ಆ ನೀರನ್ನು ಹೊರಗೆ ಸಾಗಿಸಬೇಕು, ಉಳಿದ ರಬ್ಬರು ಮೆತ್ತಗಿದ್ದು ರಸ್ತೆಯ ಉಬ್ಬುತಗ್ಗಿಗೆ ಅಂಟಿಕೊಳ್ಳಬೇಕು. ಬಟನ್ ಇದ್ದರೆ ಚರಂಡಿ ಇದೆ ಎಂದಷ್ಟೇ ಆಯಿತು. ಅಂಟಿಕೊಳ್ಳುವ ಗುಣ ವಯಸ್ಸಿನ ಜೊತೆ ಹೋಗುತ್ತದೆ. ಮನೆಯವಳು ಪೋಸ್ಟ್‌ಕಾರ್ಡನ್ನು ತಿರುಗಿಸಿ ನೋಡಿ, “ಐದೂ ಬದಲಿಸಿ” ಎಂದಳು.

ಬದಲಿಸುವುದೆಂದು ಆದ ಮೇಲೆ ಯಾವುದು ಎಂಬ ಪ್ರಶ್ನೆ. ಬೆಂಗಳೂರಿನಿಂದ ಬಂದಿದ್ದ ತಂಗಿಯ ಮಗನಿಗೆ ಇದರಲ್ಲಿ ಬಹಳ ಆಸಕ್ತಿ. “ಮಾವ, ಹೇಗೂ ಹಾಕಿಸ್ತೀರಿ, ಹದಿಮೂರು ಇಂಚಿನ ಅಲಾಯ್ ಹಾಕಿಸಿ, ಟೈರು ಸ್ವಲ್ಪ ಅಗಲ ತಗೊಳ್ಳಿ. ಕಾರಿಗೆ ಒಂದು ಗತ್ತು ಬರ್ತದೆ” ಎಂದ. ಅವನ ಮಾತನ್ನು ತಳ್ಳಿಹಾಕದೆ ಇಬ್ಬರೂ ಕಾಗದ ಹಿಡಿದು ಕೂತೆವು. ನಮ್ಮ ಟೈರಿನ ಮೇಲೆ ಇದ್ದದ್ದು 145/80 ಆರ್ 12, ಆಮೇಲೆ 74 ಟಿ. 145 ಎಂದರೆ ಮಿಲಿಮೀಟರಿನಲ್ಲಿ ಅಗಲ. 80 ಎಂದರೆ ಪಕ್ಕೆಯ ಎತ್ತರ ಅಗಲದ ನೂರಕ್ಕೆ ಎಂಬತ್ತು ಪಾಲು, ಅಂದರೆ 116 ಮಿಲಿಮೀಟರು. ಆರ್ ಎಂದರೆ ರೇಡಿಯಲ್. 12 ಎಂದರೆ ರಿಮ್ಮಿನ ಅಡ್ಡಳತೆ ಇಂಚಿನಲ್ಲಿ. 74 ಎಂಬುದು ಭಾರದ ಸಂಕೇತ, ಒಂದು ಟೈರು 375 ಕಿಲೋ ಹೊರಬಲ್ಲದು. ಟಿ ಎಂದರೆ ಗಂಟೆಗೆ 190 ಕಿಲೋಮೀಟರು ವೇಗದ ತನಕ ಸಮ. ನಮ್ಮ ಆಲ್ಟೊವನ್ನು ಗುಡ್ಡದಿಂದ ತಳ್ಳಿದರೂ ಆ ವೇಗ ಬರಲಿಕ್ಕಿಲ್ಲ.

ಅಳಿಯ ಹೇಳಿದ್ದು 155/65 ಆರ್ 13. ಚಕ್ರದ ಒಟ್ಟು ಎತ್ತರ ಲೆಕ್ಕ ಹಾಕಿದರೆ ನಮ್ಮದು 537 ಮಿಲಿಮೀಟರು, ಅವನದು 532. ನೂರಕ್ಕೆ ಒಂದರಷ್ಟೇ ವ್ಯತ್ಯಾಸ, ಹಾಗಾಗಿ ಸ್ಪೀಡೋಮೀಟರು ಸುಳ್ಳು ಹೇಳುವ ಭಯವಿಲ್ಲ. ಅಷ್ಟರ ಮಟ್ಟಿಗೆ ಹುಡುಗ ಗೆದ್ದ. ಆದರೆ ಪಕ್ಕೆಯ ಎತ್ತರ 116ರಿಂದ 101ಕ್ಕೆ ಇಳಿಯುತ್ತದೆ, ಅಂದರೆ ಹೊಂಡಕ್ಕೆ ಬಿದ್ದಾಗ ರಿಮ್ಮಿಗೂ ಹೊಂಡದ ಅಂಚಿಗೂ ನಡುವಿನ ಹಾಸಿಗೆ ತೆಳುವಾಗುತ್ತದೆ. ಆ ಅಳತೆಯ ಟೈರಿನ ಭಾರದ ಸಂಕೇತ 73, ಅಂದರೆ 365 ಕಿಲೋ. ಕಾರು ಮಾಡಿದವರು ಕೊಟ್ಟದ್ದಕ್ಕಿಂತ ಕಮ್ಮಿ. ಇನ್ನು ಅಗಲದ ಟೈರಿಗೆ ನೀರನ್ನು ಬದಿಗೆ ಸರಿಸುವ ಕೆಲಸ ಹೆಚ್ಚು, ಕಿರಿದಾದದ್ದು ನೀರನ್ನು ಸೀಳಿಕೊಂಡು ಹೋಗುತ್ತದೆ. ಒಣ ರಸ್ತೆಯ ಗತ್ತು ಒಂದು, ಒದ್ದೆ ರಸ್ತೆಯ ಗುಣ ಇನ್ನೊಂದು. “ಅದೂ ಸರಿ ಮಾವ, ಅಕ್ಕ ರೇಸಿಗೆ ಹೋಗ್ತಾಳಾ ಎಂತ” ಎಂದು ಹುಡುಗನೇ ಕಾಗದ ಮಡಚಿಟ್ಟ. ಬಾಗಿಲ ಕಂಬಕ್ಕೆ ಅಂಟಿಸಿದ ಚೀಟಿಯಲ್ಲಿ ಕಾರಿನವರು ಬರೆದ ಅಳತೆಯೇ ನಮಗೂ ಖಾಯಮ್ಮಾಯಿತು.

ಟೈರಿನ ಅಂಗಡಿಯಲ್ಲಿ ನಾನು ಮೊದಲು ಕೇಳಿದ್ದು ಬೆಲೆಯಲ್ಲ, ಜಾತಕ. ಅಂಗಡಿಯ ಹುಡುಗ ಒಂದು ಕ್ಷಣ ಗಲಿಬಿಲಿಗೊಂಡ. ಒಂದು ಜಾತಿಯದರ ಮೇಲೆ ಒಳ್ಳೆಯ ರಿಯಾಯಿತಿ ಇತ್ತು, ತಿರುಗಿಸಿ ನೋಡಿದರೆ 2022ರದ್ದು. ನೆರಳಲ್ಲಿ ಇಟ್ಟ ಹೊಸ ಟೈರು ಎರಡು-ಮೂರು ವರ್ಷಕ್ಕೆ ಕೆಟ್ಟುಹೋಗುವುದಿಲ್ಲ ನಿಜ. ಆದರೆ ನಮ್ಮಂತೆ ಕಿಲೋಮೀಟರಿಗಿಂತ ವರ್ಷಗಳನ್ನೇ ಹೆಚ್ಚು ಖರ್ಚು ಮಾಡುವವರಿಗೆ ಆ ಮೂರು ವರ್ಷ ಕಳೆದೇ ಹೋದ ಬಂಡವಾಳ. ಅದೇ ವರ್ಷದ ಆರಂಭದಲ್ಲಿ ತಯಾರಾದದ್ದನ್ನು ಒಳಗಿನಿಂದ ತರಿಸಿದೆ. ಕಂಪೆನಿ ಯಾವುದೆಂಬ ಬಗ್ಗೆ ಅಂಗಡಿಯಲ್ಲಿದ್ದ ಪ್ರತಿಯೊಬ್ಬರಿಗೂ ಒಂದೊಂದು ಅಭಿಪ್ರಾಯವಿತ್ತು. ನಾನು ನೋಡಿದ್ದು ಎರಡು ಸಂಗತಿ. ಒಂದು, ಪಕ್ಕೆಯಲ್ಲಿ ಐಎಸ್‌ಐ ಗುರುತು. ಎರಡು, ಅದನ್ನು ಮಾಡಿದ್ದು ಮೈಲೇಜಿನ ಲೋಭಕ್ಕೋ ಒದ್ದೆ ರಸ್ತೆಯ ಹಿಡಿತಕ್ಕೋ ಎಂಬುದು. ಸಲೀಸಾಗಿ ಉರುಳುವ ಗುಣ ಹೆಚ್ಚಿಸ ಹೊರಟರೆ ಹಿಡಿತ ಕಮ್ಮಿಯಾಗುವುದು ಟೈರಿನ ಹಳೆಯ ಜಗಳ. ಎರಡನ್ನೂ ಹೊಂದಿಸುವುದರಲ್ಲೇ ತಯಾರಕರ ಜಾಣತನ ಇರುವುದು. ಒದ್ದೆ ಹಿಡಿತ, ಉರುಳುವಿಕೆಯ ಪ್ರತಿರೋಧ, ಸದ್ದು ಈ ಮೂರಕ್ಕೂ ಮಾನದಂಡ ಕಡ್ಡಾಯಗೊಳಿಸಿ ಕೇಂದ್ರ ಸರಕಾರ 2022ರಲ್ಲಿ ಅಧಿಸೂಚನೆ ಹೊರಡಿಸಿದ್ದು ಒಳ್ಳೆಯ ಕೆಲಸ.

ಅಲ್ಲೇ ಇನ್ನೊಬ್ಬರು ಎರಡೇ ಟೈರು ಹಾಕಿಸಲು ಬಂದಿದ್ದರು. ಹೊಸತನ್ನು ಮುಂದಿನ ಚಕ್ರಗಳಿಗೆ ಹಾಕಿ ಎಂದು ಅವರ ವಾದ. ಎಂಜಿನ್ನು ಎಳೆಯುವುದೂ ಸ್ಟೇರಿಂಗು ತಿರುಗುವುದೂ ಮುಂದಿನವು, ಸವೆಯುವುದೂ ಅವೇ, ಹಾಗಾಗಿ ವಾದ ನ್ಯಾಯವಾಗಿಯೇ ಕೇಳುತ್ತದೆ. ಆದರೆ ಟೈರು ತಯಾರಕರು ಹೇಳುವುದು ತದ್ವಿರುದ್ಧ: ಹೊಸತು ಹಿಂದಕ್ಕೆ. ಒದ್ದೆ ತಿರುವಿನಲ್ಲಿ ಮುಂದಿನ ಚಕ್ರ ಜಾರಿದರೆ ಕಾರು ನೆಟ್ಟಗೆ ಹೋಗಲು ನೋಡುತ್ತದೆ, ಕಾಲು ಸಡಿಲಿಸಿದರೆ ಸಾಧಾರಣ ಚಾಲಕನ ಹತೋಟಿಗೂ ಮರಳಿ ಸಿಗುತ್ತದೆ. ಹಿಂದಿನದು ಜಾರಿದರೆ ಇಡೀ ಕಾರು ಬುಗುರಿಯಂತೆ ತಿರುಗುತ್ತದೆ, ಆಗ ಸ್ಟೇರಿಂಗು ಹಿಡಿದವರ ಕೈಯಲ್ಲಿ ಹೆಚ್ಚೇನೂ ಉಳಿಯುವುದಿಲ್ಲ.

ಚಕ್ರಕ್ಕೆ ಕೂರಿಸಿ, ಬ್ಯಾಲೆನ್ಸ್ ಮಾಡಿ, ಅಲೈನ್‌ಮೆಂಟ್ ನೋಡಿ ಮುಗಿಸುವಾಗ ಹುಡುಗ “ನೈಟ್ರೋಜನ್ ತುಂಬಿಸ್ಲಾ ಸಾರ್?” ಎಂದ. ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ ಎಪ್ಪತ್ತೆಂಟು ಪಾಲು ಅದು ಪುಕ್ಕಟೆಯಾಗಿ ಉಂಟು, ಉಳಿದದ್ದಕ್ಕೆ ದುಡ್ಡು ಬೇಡ ಎಂದೆ. ತಿಂಗಳಿಗೊಮ್ಮೆ, ಟೈರು ತಣ್ಣಗಿರುವಾಗ, ಬಾಗಿಲ ಚೀಟಿಯಲ್ಲಿ ಹೇಳಿದಷ್ಟು ಗಾಳಿ ನೋಡಿಕೊಳ್ಳುವುದು ಯಾವ ಅನಿಲಕ್ಕಿಂತಲೂ ದೊಡ್ಡ ಉಪಕಾರ. ಐದನೆಯ ಹೊಸ ಟೈರು ಸ್ಟೆಪ್ನಿಯಾಗಿ ಡಿಕ್ಕಿ ಸೇರಿತು. ಸ್ಟೆಪ್ನಿ ಎಂಬುದು ವೇಲ್ಸಿನ ಲನೆಲ್ಲಿ ಎಂಬ ಊರಿನ ಒಂದು ಬೀದಿಯ ಹೆಸರು. 1904ರಲ್ಲಿ ಅಲ್ಲಿನ ಅಂಗಡಿಯೊಂದರಲ್ಲಿ ಹೆಚ್ಚುವರಿ ಚಕ್ರದ ಉಪಾಯ ಹುಟ್ಟಿತು. ಆ ಹೆಸರನ್ನು ಹುಟ್ಟಿದೂರಿನವರು ಬಿಟ್ಟರೂ ನಾವು ಬಿಟ್ಟಿಲ್ಲ. ಹೇಳಿದೆನಲ್ಲ, ನಾವು ಏನನ್ನೂ ಎಸೆಯುವವರಲ್ಲ.

ಬಿಲ್ಲು 14,000 ರೂಪಾಯಿಯ ಹತ್ತಿರ ಬಂತು. ಕೊಡುವಾಗ ಅಂಗಡಿಯವರು ದನಿ ತಗ್ಗಿಸಿ, “ಹಳೇ ಐದನ್ನು ಇಲ್ಲೇ ಬಿಟ್ಟು ಹೋಗಿ ಸಾರ್. ಬಟನ್ ಉಂಟಲ್ಲ, ಒಂದಕ್ಕೆ ಐನೂರು ಹಾಕಿ ಬಿಲ್ಲಲ್ಲಿ ಕಳೀತೇನೆ. ಸ್ಟೆಪ್ನಿ ಅಂತೂ ಹೊಸತೇ. ತಗೊಳ್ಳುವವರು ಇದ್ದಾರೆ” ಎಂದರು. 2,500 ರೂಪಾಯಿ ನನಗೆ ಸಣ್ಣ ಮೊತ್ತವಲ್ಲ. ಅಂಗಡಿಯವರು ಮೋಸದ ಮಾತೇನೂ ಆಡಿರಲಿಲ್ಲ, ನಮ್ಮ ಊರಿನ ಧರ್ಮವನ್ನೇ ಆಡಿದ್ದರು. ತಗೊಳ್ಳುವವರು ಯಾರು ಎಂದು ಯೋಚಿಸಿದೆ. ಹೊಸತಕ್ಕೆ ದುಡ್ಡಿಲ್ಲದ ಯಾರೋ ಒಬ್ಬರು. ಅವರಿಗೂ ಕಾರಿನ ಹಿಂದಿನ ಸೀಟಿನಲ್ಲಿ ಕೂರಲು ಮಕ್ಕಳಿದ್ದಾರು, ಅವರಿಗೂ ಹತ್ತಲು ಯಾವುದೋ ಒಂದು ಘಾಟಿ ಇದ್ದೀತು. ನನ್ನ ಮಗಳಿಗೆ ಆಗದು ಎಂದು ತೆಗೆಸಿದ್ದನ್ನು ಇನ್ನೊಬ್ಬರ ಮಗಳಿಗೆ ಆಗುತ್ತದೆ ಎಂದು ಮಾರುವುದು ಹೇಗೆ? ಹುಡುಗನ ಕೈಯಿಂದ ಐದೂ ಟೈರುಗಳ ಪಕ್ಕೆಯನ್ನು ಚೂರಿಯಿಂದ ಕೊಯ್ಯಿಸಿದೆ. ಪಕ್ಕೆ ಕೊಯ್ದ ಟೈರು ಮತ್ತೆ ರಸ್ತೆಗೆ ಬರುವಂತಿಲ್ಲ. ಅಂಗಡಿಯವರು ನನ್ನನ್ನು ನೋಡಿದ ನೋಟದಲ್ಲಿ ಕೋಪಕ್ಕಿಂತ ಸಂಕಟವೇ ಹೆಚ್ಚಿತ್ತು.

ಮೂರನ್ನು ಗುಜರಿಗೆ ಕೊಟ್ಟು ಎರಡನ್ನು ಮನೆಗೆ ತಂದೆ. ಟೈರಿನೊಳಗೆ ನಿಂತ ಮಳೆನೀರು ಡೆಂಗ್ಯೂ ಸೊಳ್ಳೆಗೆ ಅರಮನೆ, ಹಾಗಾಗಿ ಅಡಿಭಾಗದಲ್ಲಿ ನೀರಿಳಿಯಲು ತೂತುಗಳನ್ನು ಕೊರೆಸಿದೆ. ಹಲಸಿನ ಕೊಂಬೆಗೆ ಕಟ್ಟಿದ ಒಂದು ಟೈರು ಈಗ ನೆರೆಮನೆಯ ಮಕ್ಕಳ ಉಯ್ಯಾಲೆ.

ಜೂನಿನ ಒಂದು ಭಾನುವಾರ ನೆರೆಮನೆಯವರು ಮಗನನ್ನು ಕರೆಯಲು ಬಂದು ಉಯ್ಯಾಲೆಯನ್ನೇ ನೋಡುತ್ತ ನಿಂತರು. “ಇದೆಂತ ಮಾರಾಯ್ರೆ, ಇಷ್ಟು ಬಟನ್ ಇದ್ದದ್ದನ್ನು ಕೊಯ್ದದ್ದು?” ನಾನು ಮಾತಾಡದೆ ಟೈರನ್ನು ತಿರುಗಿಸಿ 1117 ತೋರಿಸಿ ಅದರ ಅರ್ಥ ಹೇಳಿದೆ. ಅವರು ಬೆರಳಲ್ಲಿ ಲೆಕ್ಕ ಹಾಕಿದರು. “ಓ, ಇದು ನಮ್ಮ ಹುಡುಗನಿಂದ ದೊಡ್ಡದು!” ಎಂದು ನಕ್ಕು ಮಗನನ್ನು ಎಬ್ಬಿಸಿಕೊಂಡು ಹೊರಟರು. ಸ್ವಲ್ಪ ಹೊತ್ತಿನ ಮೇಲೆ ಬೇಲಿಯಾಚೆ ನೋಡಿದರೆ, ಜಿನುಗುವ ಮಳೆಯಲ್ಲಿ ಅಪ್ಪ ಮಗ ಇಬ್ಬರೂ ತಮ್ಮ ಜೀಪಿನ ಹಿಂದಿನ ಚಕ್ರದ ಬಳಿ ಕುಕ್ಕರುಗಾಲಲ್ಲಿ ಕೂತು, ಬೈರಾಸಿನಿಂದ ಕೆಸರು ಒರಸಿ, ಏನನ್ನೋ ಓದಲು ನೋಡುತ್ತಿದ್ದರು.